ಅರ್ಧ ನರ್ಸಿನ ಲೈಸೆನ್ಸು

ಮೂವತ್ತಮೂರನೆಯ ವಯಸ್ಸಿನಲ್ಲಿ ಡ್ರೀಮಾ ಹಿಲ್ಟನ್ ನರ್ಸಿಂಗ್ ಓದಿನ ಮೊದಲ ವರ್ಷ ಮುಗಿಸಿದಳು. ಮೂವತ್ತೆಂಟು ಜನ ಸೇರಿದ್ದ ತರಗತಿಯಲ್ಲಿ ಇಪ್ಪತ್ತೊಂದು ಜನ ಉಳಿದಿದ್ದರು. ಆ ಕಾಲೇಜಿನಲ್ಲಿ ಎಪ್ಪತ್ತೆಂಟು ಅಂಕ ಬಂದರೆ ಪಾಸು, ಎಪ್ಪತ್ತೇಳೂ ಮುಕ್ಕಾಲು ಬಂದರೆ ಮನೆಗೆ. ಅವಳ ಪಕ್ಕದಲ್ಲಿ ಕೂರುತ್ತಿದ್ದ ಹೆಂಗಸು ಅರ್ಧ ಅಂಕಕ್ಕೆ ಬಿದ್ದು, ಮತ್ತೆ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಸಿಗರೇಟು ಮಾರಲು ನಿಂತಿದ್ದಳು. ಡ್ರೀಮಾ ಕಾರಿಗೆ ಪೆಟ್ರೋಲ್ ಹಾಕಿಸಲು ಹೋದಾಗಲೆಲ್ಲ ಒಳಗೆ ಹೋಗದೆ ಪಂಪಿನ ಹತ್ತಿರವೇ ಕಾರ್ಡು ಉಜ್ಜಿ ಬಂದುಬಿಡುತ್ತಿದ್ದಳು.

ಹನ್ನೊಂದು ವರ್ಷದಿಂದ ಅವಳು ಆಯಾ. ಊರಾಚೆ, ಮುಚ್ಚಿಹೋದ ಗಣಿಯ ದಾರಿಯಲ್ಲಿ ಏರು ಹತ್ತಿದರೆ ಸಿಗುವ ವೃದ್ಧರ ಆರೈಕೆ ಮನೆಗೆ ಎಲ್ಲರೂ ಗುಡ್ಡದ ಮನೆ ಅನ್ನುತ್ತಿದ್ದರು. ಅಲ್ಲಿ ಮುದುಕರ ಮೈ ತೊಳೆಯುವುದು, ಬಟ್ಟೆ ಬದಲಿಸುವುದು, ತುತ್ತು ಕೊಡುವುದು ಅವಳ ಕೆಲಸ. ಅವಳ ಗಂಡ ಲೋವೆಲ್ ಗಣಿಯೊಳಗೆ ಚಾವಣಿ ಕುಸಿದು ಬೆನ್ನು ಮುರಿದುಕೊಂಡವನು. ಬೆನ್ನಿಗೆ ಎರಡು ಕಂಬಿ ಹಾಕಿದ್ದರು. ನಿಲ್ಲಬಲ್ಲ, ಕಾರು ಓಡಿಸಬಲ್ಲ, ಕಾಳು ಬೇಯಿಸಬಲ್ಲ, ಬಗ್ಗಲಾರ. ಡ್ರೀಮಾ ಪೂರ್ತಿ ನರ್ಸಾಗಿ ಜಿಲ್ಲಾ ಆಸ್ಪತ್ರೆ ಸೇರುವುದನ್ನೇ ಆ ಮನೆ ಕಾಯುತ್ತಿತ್ತು.

ಆ ರಾಜ್ಯದ ಕಾನೂನಿನಲ್ಲಿ ಒಂದು ಅಡ್ಡದಾರಿ ಇತ್ತು. ಪೂರ್ತಿ ನರ್ಸಾಗಲು ಓದುತ್ತಿರುವವರು ಮೊದಲ ವರ್ಷ ಮುಗಿಸಿ, ಬೇಸಿಗೆಯಲ್ಲಿ ಒಂದು ತಿಂಗಳ ಪಾಠ ಕೇಳಿ ಪರೀಕ್ಷೆಗೆ ಕೂತರೆ ಪ್ರಾಕ್ಟಿಕಲ್ ನರ್ಸ್ ಲೈಸೆನ್ಸು ಸಿಗುತ್ತದೆ. ದೊಡ್ಡ ನರ್ಸಿನ ಕೈಕೆಳಗೆ ಮದ್ದು ಕೊಡಬಹುದು, ಸೂಜಿ ಚುಚ್ಚಬಹುದು. ಗುಡ್ಡದ ಮನೆಯವರು ಅದಕ್ಕೆ ಅರ್ಧ ನರ್ಸು ಅನ್ನುತ್ತಿದ್ದರು. ಅಲ್ಲಿ ಹಗಲಿಡೀ ಮದ್ದಿನ ಗಾಡಿ ತಳ್ಳುತ್ತಿದ್ದವರೆಲ್ಲ ಅರ್ಧ ನರ್ಸುಗಳೇ. ತೆಗೆದುಕೊಳ್ಳುವುದೋ ಬಿಡುವುದೋ ಎಂದು ಮೇ ತಿಂಗಳ ಕೊನೆಯೊಳಗೆ ಬರೆದುಕೊಡಬೇಕಿತ್ತು.

ಡ್ರೀಮಾ ಮೊದಲು ಕೇಳಿದ್ದು ವಿಲೊಡೀನ್ ಅವರನ್ನು. ಮೂವತ್ತೊಂದು ವರ್ಷದಿಂದ ಅಲ್ಲಿ ಗಾಡಿ ತಳ್ಳುತ್ತಿದ್ದವರು ಅವರು. ಮಧ್ಯಾಹ್ನದ ಬಿಡುವಿನಲ್ಲಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಊದಿದ ಕಾಲನ್ನು ಬೂಟಿನಿಂದ ಬಿಡಿಸಿ ಸಿಗರೇಟು ಹಚ್ಚಿದ್ದರು.

"ತಗೋಬೇಡ ಕಣೆ," ಅಂದರು.

"ನೀವು ತಗೊಂಡ್ರಲ್ಲ, ಮಿಸ್ ವಿಲೊಡೀನ್."

"ಅದಕ್ಕೇ ಹೇಳ್ತಿರೋದು. ನಂಗೂ ಎರಡನೇ ವರ್ಷ ಓದೋದಿತ್ತು. ಒಂದು ಬೇಸಿಗೆ ಗಾಡಿ ತಳ್ಳಿ ಆಮೇಲೆ ಹೋಗ್ತೀನಿ ಅಂದೆ. ಗಾಡಿ ನಾಲ್ಕು ಬದಲಾಯ್ತು, ತಳ್ಳೋಳು ಬದಲಾಗ್ಲಿಲ್ಲ."

"ಓದು ಅರ್ಧಕ್ಕೆ ನಿಂತೋದ್ರೆ? ಕೈಯಲ್ಲಿ ಏನೂ ಇರಲ್ಲ."

"ಬಿದ್ರೆ ಇನ್ನೊಂದ್ಸಲ ಸೇರ್ಕೋ."

"ಎರಡು ಸಲ ಬಿದ್ರೆ ಸೇರಿಸ್ಕೊಳ್ಳಲ್ಲ."

"ಹಾಗಾದ್ರೆ ಬೀಳ್ಬೇಡ," ಎಂದು ವಿಲೊಡೀನ್ ಹೊಗೆ ಬಿಟ್ಟರು. "ಕೇಳ್ದೆ, ಹೇಳ್ದೆ. ನನ್ ಹತ್ರ ಇರೋ ಬುದ್ಧಿ ಇಷ್ಟೇ."

ಲೋವೆಲ್‌ನ ಮಾತು ಬೇರೆ. ಅವನು ಕಾಳಿನ ಪಾತ್ರೆಯಲ್ಲಿ ಸೌಟು ಆಡಿಸುತ್ತ, ಹಿಂತಿರುಗಿ ನೋಡದೆಯೇ ಹೇಳಿದ. "ಸಿಕ್ಕಿದ್ದನ್ನ ಜೇಬಿಗಿಟ್ಕೋ, ಡ್ರೀಮಾ. ಗಣಿಗೆ ಬೀಗ ಹಾಕಿದ ದಿನ ನನ್ ಹತ್ರ ಏನಿತ್ತು ಹೇಳು. ಒಂದು ಹೆಲ್ಮೆಟ್ಟು."

"ಹೆಲ್ಮೆಟ್ಟೂ ಕಂಪನಿದೇ ಅಂತ ವಾಪಸ್ ಇಸ್ಕೊಂಡ್ರಲ್ಲೋ."

"ನೋಡು ಮತ್ತೆ," ಅಂದ. ಇಬ್ಬರೂ ನಕ್ಕರು. ನಕ್ಕಾದ ಮೇಲೆ ಅವಳು ಮೆಕ್ಕೆಜೋಳದ ಬ್ರೆಡ್ಡನ್ನು ಮುರಿದು ತಟ್ಟೆಗೆ ಹಾಕಿಕೊಂಡು ಸುಮಾರು ಹೊತ್ತು ಅದನ್ನು ಬೆರಳಲ್ಲಿ ಪುಡಿ ಮಾಡುತ್ತ ಕೂತಳು.

ಕಾಲೇಜಿನ ಅಬ್‌ಶೈರ್ ಮೇಡಂ ತೆಗೆದುಕೋ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹೋದ ಸಲ ಆರು ಜನ ತೆಗೆದುಕೊಂಡರು, ಅವರಲ್ಲಿ ಎರಡನೆಯ ವರ್ಷ ಮುಗಿಸಿದವರು ಇಬ್ಬರು ಎಂದರು. "ದುಡಿಮೆ ಎಳ್ಕೊಂಡು ಹೋಗುತ್ತೆ. ಎರಡು ಶಿಫ್ಟು ಮಾಡು ಅಂತಾರೆ, ಓದೋಕೆ ಟೈಮೇ ಸಿಗಲ್ಲ."

"ನಾನು ಗಾಡಿ ತಳ್ಳಲ್ಲ, ಮೇಡಂ. ಲೈಸೆನ್ಸು ಮಾತ್ರ ತಗೊಂಡು ಪೆಟ್ಟಿಗೇಲಿ ಇಟ್ಕೋತೀನಿ. ಶನಿವಾರ ಭಾನುವಾರ ಈಗಿನ ಹಾಗೇ ಆಯಾ ಕೆಲಸ."

ಮೇಡಂ ಕನ್ನಡಕ ತೆಗೆದು ಅವಳನ್ನು ನೋಡಿದರು. "ಅದು ಹಾಗಾಗಲ್ಲ, ಡ್ರೀಮಾ. ಲೈಸೆನ್ಸು ಬಂದ್ಮೇಲೆ ನೀನು ಹಾಸಿಗೆ ಬಟ್ಟೆ ಬದಲಾಯಿಸ್ತಿದ್ರೂ ನರ್ಸೇ. ಲೈಸೆನ್ಸು ಕೊಡೋ ನರ್ಸಿಂಗ್ ಬೋರ್ಡಿನವರು ನಿನಗೆ ಯಾವ ಸಂಬಳ ಕೊಡ್ತಿದ್ರು ಅಂತ ಕೇಳಲ್ಲ. ನಿನಗೆ ಏನು ಗೊತ್ತಿತ್ತು ಅಂತ ಕೇಳ್ತಾರೆ."

ಆ ಮಾತನ್ನು ಡ್ರೀಮಾ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು, ಕೆಳಗೆ ಗೆರೆಯನ್ನೂ ಎಳೆದಳು. ಪರೀಕ್ಷೆಯಲ್ಲಿ ಕೇಳಬಹುದಾದ ಒಂದು ಪ್ರಶ್ನೆಯಾಗಿ ಅದು ಅವಳ ತಲೆಯಲ್ಲಿ ಕೂತಿತು. ತನಗೇ ಹೇಳಿದ ಮಾತು ಎಂದು ಅವಳಿಗೆ ಅನ್ನಿಸಲಿಲ್ಲ. ಗುಡ್ಡದ ಮನೆಯಲ್ಲಿ ಹನ್ನೊಂದು ವರ್ಷ ಕಂಡದ್ದು ಬೇರೆ ಲೆಕ್ಕ. ಅಲ್ಲಿ ಹಾಕಿದ ಬಟ್ಟೆಯ ಬಣ್ಣವೇ ಮನುಷ್ಯನ ಕೆಲಸ. ಕಂದು ಬಣ್ಣ ಹಾಕಿದವರು ಮೈ ತೊಳೆಯುತ್ತಾರೆ, ನೀಲಿ ಹಾಕಿದವರು ಮದ್ದು ಕೊಡುತ್ತಾರೆ. ಕಂದು ಬಟ್ಟೆಯಲ್ಲಿ ಇರುವಷ್ಟು ದಿನ ತಾನು ಆಯಾ ಎಂದೇ ಅವಳು ತಿಳಿದಿದ್ದಳು.

ಬರೆದುಕೊಟ್ಟಳು. ಜೂನ್ ತಿಂಗಳ ಪಾಠ ಕೇಳಿದಳು. ಜುಲೈನಲ್ಲಿ ಪರೀಕ್ಷೆಗೆಂದು ತೊಂಬತ್ತು ಮೈಲಿ ದೂರದ ಊರಿಗೆ ಲೋವೆಲ್ ಕಾರಿನಲ್ಲಿ ಕರೆದುಕೊಂಡು ಹೋದ. ಕಂಪ್ಯೂಟರ್ ಎಂಬತ್ತೈದನೆಯ ಪ್ರಶ್ನೆಗೆ ತಟಕ್ಕನೆ ನಿಂತುಹೋಯಿತು. ಹಾಗೆ ನಿಂತರೆ ಒಂದೋ ತುಂಬಾ ಚೆನ್ನಾಗಿ ಮಾಡಿದ್ದೀರಿ, ಇಲ್ಲವೋ ತುಂಬಾ ಕೆಟ್ಟದಾಗಿ ಮಾಡಿದ್ದೀರಿ ಎಂದು ಅರ್ಥ. ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಪಾಸಾದದ್ದು ತಿಳಿಯಿತು. ಆ ವಾರ ಅವಳು ಮೈಮೇಲಿನ ಯಾವುದೋ ಭಾರ ಇಳಿಸಿದವಳಂತೆ ಓಡಾಡಿದಳು. ಇನ್ನು ಎಪ್ಪತ್ತೇಳೂ ಮುಕ್ಕಾಲು ಬಂದರೂ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ನಿಲ್ಲಬೇಕಾಗಿಲ್ಲ.

ಗುಡ್ಡದ ಮನೆಯ ನರ್ಸುಗಳಿಗೆಲ್ಲ ಮೇಲಿನವರು ಮಿಸಸ್ ಕೆಸಿಂಜರ್. ಡ್ರೀಮಾಳನ್ನು ಕೋಣೆಗೆ ಕರೆದು ಕೂರಿಸಿದರು.

"ನಾಳೆಯಿಂದಲೇ ಗಾಡಿ ಕೊಡ್ತೀನಿ. ನೀಲಿ ಬಟ್ಟೆ ತಗೋ."

"ಬೇಡ, ಮಿಸಸ್ ಕೆಸಿಂಜರ್. ಓದು ಮುಗಿಯೋವರೆಗೆ ಆಯಾ ಆಗೇ ಇರ್ತೀನಿ. ಆ ಸಂಬಳವೇ ಕೊಡಿ, ಪರವಾಗಿಲ್ಲ."

ಕೆಸಿಂಜರ್ ಒತ್ತಾಯ ಮಾಡಲಿಲ್ಲ. "ನಿನ್ನಿಷ್ಟ. ಫೈಲಿಗೆ ಒಂದು ನಕಲು ಕೊಟ್ಟಿರು, ಅಷ್ಟೇ," ಅಂದರು. ಡ್ರೀಮಾ ತಾನೇ ಹೋಗಿ ಯಂತ್ರದಲ್ಲಿ ಲೈಸೆನ್ಸಿನ ನಕಲು ತೆಗೆದುಕೊಟ್ಟಳು. ಇಷ್ಟು ಸುಲಭವಾಗಿ ಬಿಟ್ಟರಲ್ಲ ಎಂದು ಅವರ ಮೇಲೆ ಒಂದಿಷ್ಟು ಪ್ರೀತಿಯೂ ಬಂತು.

ಸೆಪ್ಟೆಂಬರಿನಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಒಬ್ಬ ಮುದುಕಿಯ ಆಮ್ಲಜನಕದ ಯಂತ್ರದ ತಿರುಪು ಹೆಚ್ಚಾಗಿ ತಿರುಗಿರುವುದನ್ನು ಕಂಡು ಡ್ರೀಮಾ ತಾನೇ ಸರಿ ಮಾಡಿದಳು. ಮರುದಿನ ಕೆಸಿಂಜರ್ ಒಂದು ಎಚ್ಚರಿಕೆಯ ಹಾಳೆಗೆ ಅವಳ ಸಹಿ ಹಾಕಿಸಿಕೊಂಡರು. "ನೀನೇ ಬೇಡ ಅಂದಿದ್ದು. ಇಲ್ಲಿ ನೀನು ಆಯಾ. ನರ್ಸ್ ಆಟ ಆಡ್ಬೇಡ. ಇನ್ನೊಂದ್ಸಲ ಆದ್ರೆ ಮನೆಗೆ ಕಳಿಸ್ತೀನಿ." ಅಂದಿನಿಂದ ಡ್ರೀಮಾ ಯಂತ್ರ, ನಳಿಕೆ, ಮದ್ದಿನ ಪಟ್ಟಿ ಯಾವುದನ್ನೂ ಮುಟ್ಟದೆ, ಸುತ್ತಲೂ ಕೈ ಆಡಿಸಿ ಮೈ ತೊಳೆಯುವುದನ್ನು ರೂಢಿ ಮಾಡಿಕೊಂಡಳು.

ಅವಳು ತೊಳೆಯುತ್ತಿದ್ದವರಲ್ಲಿ ಆರ್ವಿಲ್ ಕ್ಯಾಂಟ್ರೆಲ್ ಒಬ್ಬರು. ನಲವತ್ತು ವರ್ಷ ಕಲ್ಲಿದ್ದಲು ಅಗೆದು ಎದೆ ತುಂಬ ಧೂಳು ಕಟ್ಟಿಸಿಕೊಂಡವರು. ತಮ್ಮ ಚರ್ಚಿನಲ್ಲಿ ಹಿರಿಯರು. ಬೆನ್ನುಮೂಳೆಯಲ್ಲಿ ಕ್ಯಾನ್ಸರ್ ಸೇರಿಕೊಂಡ ಮೇಲೆ ನೋವು ತಡೆಯಲು ಮೈಗೆ ಅಂಟಿಸುವ ಪಟ್ಟಿ ಹಾಕುತ್ತಿದ್ದರು. ಅದರಲ್ಲಿದ್ದದ್ದು ಅಫೀಮಿನ ಜಾತಿಯ ಮದ್ದು, ಹೆಚ್ಚಾದರೆ ಉಸಿರೇ ನಿಧಾನವಾಗುತ್ತದೆ. ಮೂರು ದಿನಕ್ಕೊಂದು ಪಟ್ಟಿ. ಹೊಸದು ಹಾಕುವ ಮೊದಲು ಹಳೆಯದನ್ನು ಕೀಳಬೇಕು. ಪಟ್ಟಿಯ ಮೇಲೆ ಹಾಕಿದ ದಿನ ಬರೆಯಬೇಕು.

"ಮಗಳೆ, ಇವತ್ತಾದ್ರೂ ನೀರು ಬೆಚ್ಚಗಿದೆಯಾ, ಇಲ್ಲಾ ಹೊಳೆಯಿಂದ ತಂದ್ಯಾ?" ಎಂದು ಪ್ರತಿ ಶನಿವಾರ ಕೇಳುತ್ತಿದ್ದರು.

"ಹೊಳೇದೇ, ಮಿಸ್ಟರ್ ಕ್ಯಾಂಟ್ರೆಲ್. ಮೀನು ತೆಗೆದು ತಂದೆ."

"ಮೀನು ಯಾಕೆ ತೆಗೆದೆ? ಅದನ್ನೇ ತಿನ್ತಿದ್ದೆ. ಇಲ್ಲಿ ಕೊಡೋ ಕೋಳಿಗಿಂತ ವಾಸಿ."

ಅಕ್ಟೋಬರಿನ ಒಂದು ಶನಿವಾರ ನೀರಿನ ಬಗ್ಗೆ ಅವರು ಏನೂ ಕೇಳಲಿಲ್ಲ.

ಅಂದು ನಲವತ್ತನಾಲ್ಕು ಜನರಿಗೆ ಗಾಡಿ ತಳ್ಳುತ್ತಿದ್ದವರು ವಿಲೊಡೀನ್ ಒಬ್ಬರೇ. ಆಯಾಗಳು ಮೂವರು ಬರಬೇಕಿತ್ತು, ಇಬ್ಬರು ಬಂದಿದ್ದರು. ಹನ್ನೊಂದೂವರೆಗೆ ಡ್ರೀಮಾ ಬೋಗುಣಿ ಹಿಡಿದು ಆರ್ವಿಲ್ ಅವರ ಕೋಣೆಗೆ ಹೋದಳು. ಅವರು ಬಾಯಿ ತೆರೆದುಕೊಂಡು ಮಲಗಿದ್ದರು. ಎರಡು ದಿನದಿಂದ ಜ್ವರವಿತ್ತು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಹೆಸರು ಹಿಡಿದು ಕರೆದಳು, ಎದೆಯ ಮೂಳೆಯ ಮೇಲೆ ಬೆರಳಗೆಣ್ಣು ಒತ್ತಿ ಉಜ್ಜಿದಳು. ಹುಬ್ಬು ಅಲುಗಿತು ಅಷ್ಟೇ.

ಅಂಗಿಯ ಗುಂಡಿ ಬಿಚ್ಚಿದಾಗ ಎದೆಯ ಮೇಲೆ ಪಟ್ಟಿ ಕಂಡಿತು. ಮೇಲೆ ಶುಕ್ರವಾರದ ದಿನ ಬರೆದಿತ್ತು, ಕೆಳಗೆ ವಿಲೊಡೀನ್ ಅವರ ಅಕ್ಷರ. ಆ ವಾರ ಡಾಕ್ಟರು ಹೆಚ್ಚು ಬಲದ ಪಟ್ಟಿ ಬರೆದುಕೊಟ್ಟಿದ್ದರು, ಇದು ಅದೇ. ಬೆನ್ನು ಒರೆಸಲು ಪಕ್ಕಕ್ಕೆ ಹೊರಳಿಸಿದಳು. ಹೆಗಲ ಮೂಳೆಯ ಕೆಳಗೆ ಇನ್ನೊಂದು ಪಟ್ಟಿ ಇತ್ತು. ಮಂಗಳವಾರದ್ದು. ಅದನ್ನು ಹಾಕಿದ ನರ್ಸು ಪುಸ್ತಕದಲ್ಲಿ ಎದೆ ಎಂದು ಬರೆದಿದ್ದಳು. ಶುಕ್ರವಾರ ವಿಲೊಡೀನ್ ಎದೆ ನೋಡಿದರು, ಏನೂ ಕಾಣಲಿಲ್ಲ, ಬಿದ್ದುಹೋಗಿರಬೇಕು ಅಂದುಕೊಂಡರು. ಇದೆಲ್ಲ ಆಮೇಲೆ ತಿಳಿದದ್ದು.

ಡ್ರೀಮಾ ಗಡಿಯಾರ ನೋಡಿಕೊಂಡು ಅವರ ಹೊಟ್ಟೆಯ ಮೇಲೆ ಕೈಯಿಟ್ಟಳು. ಒಂದು ಪೂರ್ತಿ ನಿಮಿಷಕ್ಕೆ ಎಂಟು ಉಸಿರು. ತಪ್ಪಿರಬೇಕೆಂದು ಮತ್ತೊಂದು ನಿಮಿಷ ಎಣಿಸಿದಳು. ಎಂಟೇ. ಧೂಳು ತುಂಬಿದ ಆ ಎದೆ ಎಂದೂ ನಿಮಿಷಕ್ಕೆ ಇಪ್ಪತ್ತಕ್ಕಿಂತ ಕಡಿಮೆ ಎಳೆದದ್ದಿಲ್ಲ.

ಆ ಜಿಲ್ಲೆಯಲ್ಲಿ ಇದನ್ನು ಗುರುತಿಸಲು ಯಾರೂ ನರ್ಸಾಗಬೇಕಾಗಿರಲಿಲ್ಲ. ಮಾತ್ರೆ, ಪುಡಿ ಎಂದು ಹಾಳಾದ ಹರೆಯದವರು ದಿನಸಿ ಅಂಗಡಿಯ ಮುಂದೆ, ಕಾರಿನೊಳಗೆ ಹೀಗೇ ಬೂದಿ ತುಟಿಯಲ್ಲಿ ಒರಗಿರುತ್ತಿದ್ದರು. ಅಮಲು ಇಳಿಸಿ ಉಸಿರು ಮರಳಿಸಲು ಮೂಗಿಗೆ ಹೊಡೆಯುವ ಮದ್ದನ್ನು ಚರ್ಚಿನಲ್ಲೂ ಗ್ರಂಥಾಲಯದಲ್ಲೂ ಕೈಗೆ ಕೊಟ್ಟು ಕಳಿಸುತ್ತಿದ್ದರು. ಡ್ರೀಮಾಳ ಕಾರಿನಲ್ಲೂ ಒಂದಿತ್ತು. ಎರಡು ವರ್ಷದ ಹಿಂದೆ ಚಿಕ್ಕಪ್ಪನ ಮಗನಿಗೆ ಯಾರನ್ನೂ ಕೇಳದೆ ಹೊಡೆದು ಬದುಕಿಸಿದ್ದಳು. ಆದರೆ ಆ ಮದ್ದು ಅಂಥವರಿಗೆ ಎಂದು ಊರಿನ ತಲೆಯಲ್ಲಿ ಕೂತುಬಿಟ್ಟಿತ್ತು. ಎಂಬತ್ತರ ಹತ್ತಿರದ, ಚರ್ಚಿನ ಹಿರಿಯರೊಬ್ಬರ ಹಾಸಿಗೆಯ ಪಕ್ಕದಲ್ಲಿ ನಿಂತಾಗ, ಕಾರಿನ ಮದ್ದಿನ ನೆನಪು ಅವಳಿಗೆ ಬರಲೇ ಇಲ್ಲ.

ಪಟ್ಟಿ ಮಾತ್ರ ಕಣ್ಣ ಮುಂದೆಯೇ ಇತ್ತು. ಅದರ ಅಂಚಿಗೆ ಉಗುರು ಹಾಕಿದ್ದಳು. ಎಳೆದರೆ ಬರುತ್ತಿತ್ತು. ಸಹಿ ಹಾಕಿದ ಹಾಳೆ ನೆನಪಾಗಿ ಉಗುರು ತೆಗೆದಳು. ದಿಂಬು ಎತ್ತರಿಸಿ ಓಡಿದಳು.

ವಿಲೊಡೀನ್ ಇನ್ನೊಂದು ಓಣಿಯ ಕೊನೆಯ ಕೋಣೆಯಲ್ಲಿ ನೆಲದ ಮೇಲೆ ಮಂಡಿಯೂರಿ ಕೂತಿದ್ದರು. ಬಿದ್ದು ತಲೆ ಒಡೆದುಕೊಂಡ ಮುದುಕಿಯೊಬ್ಬಳ ಹಣೆಗೆ ಬಟ್ಟೆ ಒತ್ತಿ ಹಿಡಿದಿದ್ದರು. ಮೊಣಕೈವರೆಗೂ ರಕ್ತ.

"ಮಿಸ್ ವಿಲೊಡೀನ್, ಮಿಸ್ಟರ್ ಕ್ಯಾಂಟ್ರೆಲ್ ಮೈಮೇಲೆ ಎರಡು ಪಟ್ಟಿ ಇದೆ. ಎಬ್ಬಿಸಿದ್ರೆ ಏಳ್ತಿಲ್ಲ. ಉಸಿರು ಎಂಟು. ಎರಡು ಸಲ ಎಣಿಸ್ದೆ."

ವಿಲೊಡೀನ್ ತಲೆಯೆತ್ತಿ ನೋಡಿದರು. "ಎಂಟಾ?"

"ಎಂಟು."

"ಬಂದೆ. ಇದೊಂದು ರಕ್ತ ನಿಲ್ಲಿಸಿ ಬಂದೆ. ಕೈ ಬಿಟ್ರೆ ಇವಳು ಹೋಗ್ತಾಳೆ. ನೀನು ಊಟ ಹಂಚು ಹೋಗು, ಆ ಕಡೆ ಒಬ್ಳೇ ಒದ್ದಾಡ್ತಿದಾಳೆ."

ಡ್ರೀಮಾ ಊಟ ಹಂಚಲು ಹೋದಳು. ನರ್ಸಿಗೆ ಹೇಳಿಯಾಗಿತ್ತು. ಆಯಾ ಮಾಡಬೇಕಾದದ್ದು ಅಷ್ಟೇ. ಒಂದೊಂದು ತಟ್ಟೆ ಇಟ್ಟು, ಮುಚ್ಚಳ ತೆಗೆದು, ಮಾಂಸ ಕತ್ತರಿಸಿಕೊಟ್ಟು ಮುಂದೆ ಹೋದಳು. ನಡುವೆ ಎರಡು ಸಲ ಆರ್ವಿಲ್ ಅವರ ಬಾಗಿಲಲ್ಲಿ ಇಣುಕಿದಳು. ಎದೆ ಏಳುತ್ತಿತ್ತು. ಮೂರನೆಯ ಸಲ ಅವರ ತಟ್ಟೆಯನ್ನೇ ಹಿಡಿದುಕೊಂಡು ಹೋದಳು. ಇಪ್ಪತ್ತೈದು ನಿಮಿಷ ಆಗಿತ್ತು, ಎದೆ ಏಳುತ್ತಿರಲಿಲ್ಲ. ಕೂಗಿ ಕರೆದಳು. ವಿಲೊಡೀನ್ ಒದ್ದೆ ಕೈಯಲ್ಲಿ ಓಡಿ ಬಂದು ಗಾಡಿಯ ಬೀಗ ತೆಗೆದರು, ಪಟ್ಟಿ ಕಿತ್ತರು, ಮೂಗಿಗೆ ಮದ್ದು ಹೊಡೆದರು. ಆಂಬುಲೆನ್ಸ್ ಗುಡ್ಡ ಹತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಎರಡು ತಿಂಗಳಿಗೆ ಡ್ರೀಮಾಳ ಹೆಸರಿಗೆ ನರ್ಸಿಂಗ್ ಬೋರ್ಡಿನಿಂದ ದಪ್ಪ ಲಕೋಟೆ ಬಂತು. ಅವಳು ಅದನ್ನು ಹಿಡಿದು ಕೆಸಿಂಜರ್ ಅವರ ಕೋಣೆಗೆ ಹೋದಳು.

"ನನಗ್ಯಾಕೆ ಬಂತು ಇದು? ನಾನು ಆಯಾ ಅಲ್ವಾ?"

"ನಿನ್ ಹತ್ರ ಲೈಸೆನ್ಸಿದೆಯಲ್ಲ, ಅದಕ್ಕೆ," ಎಂದು ಕೆಸಿಂಜರ್ ಬಾಗಿಲು ಮುಚ್ಚಿದರು. "ನೋಡು, ಹೆದರಬೇಡ. ಎಣಿಸಿದೆ ಅಂತ ಮಾತ್ರ ಹೇಳ್ಬೇಡ. ಆಯಾ ಉಸಿರು ಎಣಿಸಲ್ಲ. ಮಂಕಾಗಿದ್ರು, ನರ್ಸಿಗೆ ಹೇಳ್ದೆ, ಅನ್ನು. ಅದೇನು ಸುಳ್ಳಲ್ಲ."

ಮುಂದಿನ ಭಾನುವಾರ ಸಂಜೆಯ ಚರ್ಚು ಮುಗಿಸಿ ವಿಲೊಡೀನ್ ಮನೆಗೇ ಬಂದರು. ಸೇಬಿನ ಕಡುಬು ಮಾಡಿ ತಂದಿದ್ದರು. ಲೋವೆಲ್ ಕಾಫಿ ಕೊಟ್ಟು ಅಂಗಳಕ್ಕೆ ಹೋದ. ವಿಲೊಡೀನ್ ಕಾಫಿ ಮುಟ್ಟಲಿಲ್ಲ.

"ನೀನು ಎಂಟು ಅಂದೆ. ನಾನು ಕೇಳಿಸ್ಕೊಂಡೆ. ನಿನ್ ಮುಂದೆ ಸುಳ್ಳು ಹೇಳಲ್ಲ ಮಗಾ. ಆದ್ರೆ ಬೋರ್ಡಿನ ಹೆಂಗಸಿಗೆ ಬೇರೆ ಹೇಳಿದೀನಿ. ಮಂಕಾಗಿದಾರೆ ಅಂತ ಮಾತ್ರ ಹೇಳಿದ್ಲು ಅಂದಿದೀನಿ. ನೀನೂ ಹಾಗೇ ಅಂದ್ರೆ ಇಬ್ರೂ ಉಳೀತೀವಿ. ಹದಿಮೂರು ತಿಂಗಳಿದೆ ನಾನು ನಿವೃತ್ತಿ ಆಗೋಕೆ."

ಡ್ರೀಮಾ ಮೇಜಿನ ಮೇಲಿನ ಕಡುಬನ್ನೇ ನೋಡುತ್ತಿದ್ದಳು.

"ನೀನು ಪಟ್ಟಿ ಕೀಳಬಹುದಿತ್ತು," ಎಂದು ವಿಲೊಡೀನ್ ಮೆಲ್ಲಗೆ ಹೇಳಿದರು. "ನಾನು ಬೈತಿರ್ಲಿಲ್ಲ."

"ಗೊತ್ತು."

"ಬೈಗುಳದ ಮಾತಲ್ಲ ಮಗಾ ನಾನು ಹೇಳ್ತಿರೋದು."

"ಗೊತ್ತು, ಮಿಸ್ ವಿಲೊಡೀನ್."

ಅವರು ಹೋದ ಮೇಲೆ ಲೋವೆಲ್ ಒಳಗೆ ಬಂದ. ಬಾಗಿಲ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದ. "ಹೇಳ್ಬಿಡು ಅವರು ಹೇಳಿದ ಹಾಗೆ," ಅಂದ. "ಸತ್ತೋರು ಎದ್ದು ಬರಲ್ಲ. ನೀನು ಇನ್ನೊಂದು ಸೆಮಿಸ್ಟರ್ ಕಳೆದ್ರೆ ಮುಗೀತು." ಅದೂ ನಿಜವೇ. ಮೂರನೆಯ ಸೆಮಿಸ್ಟರಿನಲ್ಲಿ ಅವಳಿಗೆ ಎಂಬತ್ತೊಂದು ಬಂದಿತ್ತು. ಅವಳು ಹೆದರಿದ್ದ ಹಾಗೆ ಬೀಳಲಿಲ್ಲ. ಬೀಳುವ ಲಕ್ಷಣವೂ ಇರಲಿಲ್ಲ.

ಫೆಬ್ರವರಿಯಲ್ಲಿ ವಿಚಾರಣೆ ನಡೆಯಿತು. ಬೋರ್ಡಿನವರು ಮೂವರು ಉದ್ದ ಮೇಜಿನ ಹಿಂದೆ ಕೂತಿದ್ದರು. ಬದಿಯಲ್ಲಿ ಅವರ ವಕೀಲೆ. ಹಿಂದಿನ ಕುರ್ಚಿಗಳಲ್ಲಿ ಆರ್ವಿಲ್ ಅವರ ಮಗಳು ರೀವಾ ಕ್ಯಾಂಟ್ರೆಲ್, ತಂದೆಯ ಚರ್ಚಿನ ಕೋಟು ತೊಡೆಯ ಮೇಲೆ ಮಡಚಿಟ್ಟುಕೊಂಡು ಕೂತಿದ್ದಳು. ಲೋವೆಲ್ ಹೆಚ್ಚು ಹೊತ್ತು ಕೂರಲಾರದೆ ಗೋಡೆಗೆ ಒರಗಿ ನಿಂತಿದ್ದ.

ವಕೀಲೆ ಮೊದಲು ಒಂದು ಹಾಳೆ ಮುಂದಿಟ್ಟಳು. ಇಷ್ಟು ಮುದುಕರಿಗೆ ಇಷ್ಟು ನರ್ಸು ಇದ್ದಾರೆ ಎಂದು ತೋರಿಸಲು ಆ ಶನಿವಾರ ಗುಡ್ಡದ ಮನೆಯಿಂದ ಸರ್ಕಾರಕ್ಕೆ ಕಳಿಸಿದ ಕೆಲಸಗಾರರ ಪಟ್ಟಿ. ಡ್ರೀಮಾ ಅದನ್ನು ಎಂದೂ ನೋಡಿರಲಿಲ್ಲ. ನರ್ಸುಗಳು ಎಂಬುದರ ಕೆಳಗೆ ಎರಡು ಹೆಸರಿತ್ತು. ವಿಲೊಡೀನ್ ಸೋವರ್ಡ್ಸ್. ಡ್ರೀಮಾ ಹಿಲ್ಟನ್.

"ಇದು ನಿಮಗೆ ಗೊತ್ತಿತ್ತಾ?"

"ಇಲ್ಲ."

"ಎಷ್ಟು ಶನಿವಾರ ಹೀಗೆ ಬರೆದಿದಾರೆ ಅಂತ ಗೊತ್ತಾ?"

"ಇಲ್ಲ."

"ಆಗಸ್ಟಿನಿಂದ ಎಲ್ಲಾ ಶನಿವಾರ. ಎಲ್ಲಾ ಭಾನುವಾರ."

ತಾನು ಯಂತ್ರದ ಮುಂದೆ ನಿಂತು ತೆಗೆದುಕೊಟ್ಟ ನಕಲು ಏನಾಯಿತು ಎಂದು ಅವಳಿಗೆ ಆಗ ಅರ್ಥವಾಯಿತು. ಎದುರು ಸಾಲಿನಲ್ಲಿ ಕೂತಿದ್ದ ಕೆಸಿಂಜರ್ ಕಿಟಕಿಯ ಕಡೆ ನೋಡುತ್ತಿದ್ದರು.

"ಮಿಸ್ಟರ್ ಕ್ಯಾಂಟ್ರೆಲ್ ಅವರನ್ನ ಹನ್ನೊಂದೂವರೆಗೆ ನೋಡಿದಾಗ ಹೇಗಿದ್ರು?"

"ಎಬ್ಬಿಸಿದ್ರೆ ಏಳ್ತಿರ್ಲಿಲ್ಲ. ತುಟಿ ಬೂದಿ ಆಗಿತ್ತು. ಎರಡು ಪಟ್ಟಿ ಇತ್ತು."

"ಉಸಿರು ಎಣಿಸಿದ್ರಾ?"

ವಿಲೊಡೀನ್ ಎದುರು ಸಾಲಿನಲ್ಲಿ ಕೈ ಜೋಡಿಸಿ ಕೂತಿದ್ದರು. ಡ್ರೀಮಾ ಆ ಕಡೆ ನೋಡಲಿಲ್ಲ, ಹಿಂದಕ್ಕೂ ನೋಡಲಿಲ್ಲ. ಮೇಜಿನ ಮರದಲ್ಲಿದ್ದ ಒಂದು ಗಂಟನ್ನು ನೋಡಿದಳು.

"ಎಣಿಸ್ದೆ."

"ಎಷ್ಟಿತ್ತು?"

"ಎಂಟು. ಪೂರ್ತಿ ನಿಮಿಷ. ಎರಡು ಸಲ."

"ಅದನ್ನ ನರ್ಸಿಗೆ ಹೇಳಿದ್ರಾ?"

"ಹೇಳ್ದೆ. ಎಂಟಾ ಅಂತ ಕೇಳಿದ್ರು, ಎಂಟು ಅಂದೆ."

"ಎಂಟು ಅಂದ್ರೆ ಏನು ಅಂತ ನಿಮಗೆ ಗೊತ್ತಿತ್ತಾ, ಮಿಸಸ್ ಹಿಲ್ಟನ್?"

"ಗೊತ್ತಿತ್ತು."

"ಪಟ್ಟಿ ಯಾಕೆ ಕೀಳಲಿಲ್ಲ?"

ಸಹಿ ಹಾಕಿದ ಹಾಳೆಯ ಮಾತು ಹೇಳಿದಳು. ಹೇಳುತ್ತಿರುವಾಗಲೇ ಅದು ಎಷ್ಟು ತೆಳ್ಳಗಿದೆ ಎಂದು ಅವಳ ಕಿವಿಗೆ ತಿಳಿಯಿತು. ಮೂವರಲ್ಲಿ ನಡುವೆ ಕೂತಿದ್ದ ಮುದುಕ ಸಿಟ್ಟಿಲ್ಲದೆ ಹೇಳಿದ. "ಆ ಹಾಳೆ ನಿಮ್ಮ ಕೆಲಸ ತೆಗೀಬಹುದಿತ್ತು. ಅವರ ಉಸಿರು ತೆಗೀಬೇಕಾಗಿರ್ಲಿಲ್ಲ."

ಮಾರ್ಚಿನಲ್ಲಿ ತೀರ್ಪು ಬಂತು. ವಿಲೊಡೀನ್ ಅವರ ಲೈಸೆನ್ಸು ಹೋಯಿತು. ಗುಡ್ಡದ ಮನೆಗೆ ದಂಡ ಹಾಕಿದರು, ಕೆಸಿಂಜರ್ ಬೇರೆ ಜಿಲ್ಲೆಗೆ ಹೋದರು. ಡ್ರೀಮಾಳ ಲೈಸೆನ್ಸನ್ನು ಕಿತ್ತುಕೊಳ್ಳಲಿಲ್ಲ. ಎರಡು ವರ್ಷ ಇನ್ನೊಬ್ಬರ ನಿಗಾದಲ್ಲಿ ಮಾತ್ರ ಕೆಲಸ ಮಾಡಬೇಕು, ತಿಂಗಳಿಗೊಮ್ಮೆ ಅವಳ ನಡತೆಯ ಬಗ್ಗೆ ಬೋರ್ಡಿಗೆ ಬರೆಯಬೇಕು ಎಂದಾಯಿತು. ಅದು ಸಣ್ಣ ಶಿಕ್ಷೆ ಎಂದು ವಕೀಲೆ ಹೇಳಿದಳು. ಆದರೆ ತಲೆಯ ಮೇಲೆ ಬೋರ್ಡಿನ ಶಿಕ್ಷೆ ಇರುವವರನ್ನು ತರಬೇತಿಗೆ ಒಳಗೆ ಬಿಡುವುದಿಲ್ಲ ಎಂದು ಜಿಲ್ಲಾ ಆಸ್ಪತ್ರೆಯವರು ಕಾಲೇಜಿಗೆ ತಿಳಿಸಿದರು. ತರಬೇತಿ ಇಲ್ಲದೆ ನಾಲ್ಕನೆಯ ಸೆಮಿಸ್ಟರ್ ಇಲ್ಲ.

ಅಬ್‌ಶೈರ್ ಮೇಡಂ ತಾವೇ ಫೋನು ಮಾಡಿದರು. "ನಿನ್ ಹತ್ರ ಆ ಲೈಸೆನ್ಸು ಇಲ್ಲದೇ ಹೋಗಿದ್ರೆ..." ಎಂದು ನಿಲ್ಲಿಸಿದರು.

"ಆಯಾ ಹೇಳಬೇಕಾದ್ದು ಹೇಳಿದ್ಲು ಅಂತ ಅಲ್ಲಿಗೇ ಮುಗೀತಿತ್ತು," ಅಂದಳು ಡ್ರೀಮಾ. "ಆದ್ರೂ ಎಂಟು ಎಂಟೇ, ಮೇಡಂ."

ಆ ವರ್ಷ ಪಾಸಾದವರು ಹತ್ತೊಂಬತ್ತು ಜನ. ಡ್ರೀಮಾ ಗುಡ್ಡದ ಮನೆಯಲ್ಲಿ ನೀಲಿ ಬಟ್ಟೆ ಹಾಕಿಕೊಂಡು ಗಾಡಿ ತಳ್ಳಲು ಸೇರಿದಳು. ಶಿಕ್ಷೆ ಇರುವವಳನ್ನು ಬೇರೆ ಯಾರೂ ತೆಗೆದುಕೊಳ್ಳಲಿಲ್ಲ, ಗುಡ್ಡದ ಮನೆಗಾದರೆ ಕೆಲಸಕ್ಕೆ ಜನ ಇರಲಿಲ್ಲ.

ಮೇ ತಿಂಗಳಲ್ಲಿ ಸಮಾಧಿಗಳಿಗೆ ಹೂವಿಡುವ ಭಾನುವಾರ ಬಂತು. ಬೆಟ್ಟದ ಮೇಲಿನ ಸ್ಮಶಾನಕ್ಕೆ ಎಲ್ಲ ಮನೆಯವರೂ ಗುದ್ದಲಿ, ಪ್ಲಾಸ್ಟಿಕ್ ಹೂ, ಊಟದ ಬುಟ್ಟಿ ಹೊತ್ತು ಹತ್ತುತ್ತಿದ್ದರು. ಡ್ರೀಮಾ ತನ್ನ ಅಜ್ಜಿಯ ಕಲ್ಲಿನ ಕಡೆ ಹೋಗುವಾಗ ದಾರಿಯಲ್ಲೇ ಆರ್ವಿಲ್ ಅವರ ಸಮಾಧಿ ಸಿಕ್ಕಿತು. ರೀವಾ ಮಂಡಿಯೂರಿ ಕಳೆ ಕೀಳುತ್ತಿದ್ದಳು. ಡ್ರೀಮಾ ದಾಟಿ ಹೋಗಬಹುದಿತ್ತು. ನಿಂತಳು.

"ನಿನ್ನ ಹತ್ರ ಒಂದು ಮಾತು ಕೇಳ್ಬೇಕಿತ್ತು," ಎಂದಳು ರೀವಾ, ತಲೆಯೆತ್ತದೆ. "ಅವತ್ತು ವಿಚಾರಣೇಲಿ ಯಾರೂ ಕೇಳ್ಲಿಲ್ಲ."

"ಕೇಳು."

"ಎಂಟು ಅಂತ ಗೊತ್ತಾದ್ಮೇಲೆ ಊಟ ಹಂಚೋಕೆ ಹೋದೆ."

"ಹೌದು."

"ಎಷ್ಟು ಜನಕ್ಕೆ ಕೊಟ್ಟೆ?"

"ಹತ್ತು ಜನಕ್ಕೆ. ಹನ್ನೊಂದನೇದು ನಿಮ್ಮಪ್ಪಂದು."

"ಏನಿತ್ತು?"

"ಕೋಳಿ. ಹಿಸುಕಿದ ಆಲೂಗಡ್ಡೆ."

ರೀವಾ ಕೈಯಲ್ಲಿದ್ದ ಕಳೆಯ ಬೇರಿನ ಮಣ್ಣು ಕೊಡವಿ ಪಕ್ಕಕ್ಕೆ ಹಾಕಿದಳು. "ಎಲ್ರೂ ಹೇಳ್ತಾರೆ, ಆ ಹುಡುಗಿ ಒಬ್ಳೇ ನಿಜ ಹೇಳಿದ್ದು, ಅವಳಿಗೆ ಒಳ್ಳೇ ಮಾತಾಡು ಅಂತ. ನಾನೂ ಅಂದ್ಕೊಂಡೆ. ಆದ್ರೆ ನೀನು ಹೇಳದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ಲಿಲ್ಲ, ಮುದುಕ, ಹೋದ ಅಂತ ಇರ್ತಿದ್ದೆ. ಈಗ ದಿನಾ ಆ ಹತ್ತು ತಟ್ಟೆ ಕಣ್ಮುಂದೆ ಬರುತ್ತೆ."

"ನಂಗೂ ಬರುತ್ತೆ."

"ಬರ್ಲಿ," ಅಂದಳು ರೀವಾ. "ನಿನ್ ಮೇಲೆ ಕೂಗಾಡೋಕೆ ನಂಗೆ ಶಕ್ತಿ ಇಲ್ಲ. ಒಳ್ಳೇ ಮಾತಾಡೋಕೂ ಇಲ್ಲ. ನಿಮ್ಮಜ್ಜಿ ಹತ್ರ ಹೋಗಿ ಬರೋವಾಗ ಆ ಕೆಳಗಿನ ದಾರೀಲಿ ಹೋಗು, ಇಲ್ಲಿ ಬರ್ಬೇಡ."

"ಆಯ್ತು," ಅಂದಳು ಡ್ರೀಮಾ.

ಅಜ್ಜಿಯ ಕಲ್ಲಿನ ಸುತ್ತ ಹುಲ್ಲು ಮಂಡಿಯೆತ್ತರ ಬೆಳೆದಿತ್ತು. ಲೋವೆಲ್ ಬಗ್ಗಲಾರ, ಬುಟ್ಟಿ ಹಿಡಿದು ನಿಂತಿದ್ದ. ಅವಳು ಒಬ್ಬಳೇ ಕೂತು ಮಧ್ಯಾಹ್ನದವರೆಗೆ ಹುಲ್ಲು ಕಿತ್ತಳು, ಹೂವಿಟ್ಟಳು. ಇಳಿಯುವಾಗ ಕೆಳಗಿನ ದಾರಿ ಹಿಡಿದರು. ಅದು ಕಡಿದಾಗಿತ್ತು, ಲೋವೆಲ್ ಪ್ರತಿ ಹೆಜ್ಜೆಗೂ ಅವಳ ಹೆಗಲಿಗೆ ಭಾರ ಕೊಟ್ಟು ಇಳಿದ.